ಮೆಡಿಟರೇನಿಯನ್ ಊಟ: ಎರಡನೇ ಸಲ ಸರಿಯಾಗಿ ಶುರು ಮಾಡಿದ್ದು ಹೀಗೆ

ನಮ್ಮವರಿಗೆ 53ನೇ ವಯಸ್ಸಿನಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಡಿಸ್ಚಾರ್ಜ್ ಆದ ದಿನ ಕೈಗೆ ಕೊಟ್ಟ ಕಾಗದದಲ್ಲಿ ಮಾತ್ರೆಗಳ ಪಟ್ಟಿ ಇತ್ತು. ಅದರ ಕೆಳಗೆ ಒಂದೇ ಸಾಲು: ಮೆಡಿಟರೇನಿಯನ್ ಡಯಟ್ ಮಾಡಿ. ಏನು ತಿನ್ನಬೇಕು, ಎಷ್ಟು, ಹೇಗೆ ಅಂತ ಒಂದಕ್ಷರ ಇರಲಿಲ್ಲ.

ನಾನು ಒಂದು ಬಾಟಲಿ ಆಲಿವ್ ಎಣ್ಣೆ ತಂದೆ. ದಿನಾ ತಿನ್ನುತ್ತಿದ್ದ ಊಟದ ಮೇಲೆಯೇ ಅದನ್ನು ಸುರಿದೆ. ಜೊತೆಗೆ ದಿನಕ್ಕೊಂದು ಹಿಡಿ ಬಾದಾಮಿ, ಅಕ್ರೋಟು ಕೊಟ್ಟೆ. ಬೆಳಗಿನ ಬೆಣ್ಣೆ ಹಚ್ಚಿದ ಬಿಳಿ ಬ್ರೆಡ್ ಹಾಗೇ ಇತ್ತು. ಸಂಜೆಯ ಬಿಸ್ಕತ್ತು ಹಾಗೇ ಇತ್ತು. ವಾರಕ್ಕೆರಡು ಸಲ ಮಟನ್ ಕೂಡ ಹಾಗೇ ಇತ್ತು. ಮೂರು ತಿಂಗಳಿಗೆ ಅವರ ತೂಕ ಎರಡೂವರೆ ಕೆಜಿ ಏರಿತು. ರಕ್ತದಲ್ಲಿನ ಕೊಬ್ಬು ಟ್ರೈಗ್ಲಿಸರೈಡ್ ಒಂದಿಷ್ಟೂ ಇಳಿಯಲಿಲ್ಲ. ನನಗೆ ಅಳುವೇ ಬಂತು. ಇಷ್ಟೊಂದು ಕಾಳಜಿ ಮಾಡಿಯೂ ಹೀಗಾಯಿತಲ್ಲ ಅಂತ.

ನನ್ನ ತಂಗಿ ಡಯಟಿಷಿಯನ್. ಫೋನ್ ಮಾಡಿ ರಿಪೋರ್ಟ್ ಓದಿ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಅಕ್ಕಾ, ಎಣ್ಣೆ ಹಾಕಿದೆ, ಸರಿ. ಯಾವುದನ್ನ ತೆಗೆದೆ?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಊಟದ ಗುಟ್ಟೆಲ್ಲ ಅದರಲ್ಲೇ ಇದೆ. ನೀವು ಶುರು ಮಾಡುವಾಗ ನನ್ನ ಹಾಗೆ ಮೂರು ತಿಂಗಳು ಕಳೆದುಕೊಳ್ಳಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಈ ಊಟ ಎಲ್ಲಿಂದ ಬಂತು ಅಂತ ಸ್ವಲ್ಪ ನೋಡೋಣ. ಅಮೆರಿಕದ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ ಮತ್ತು ಅವರ ಜೊತೆಗಾರರು 1958ರಲ್ಲಿ ಒಂದು ದೊಡ್ಡ ಅಧ್ಯಯನ ಶುರು ಮಾಡಿದರು. ಏಳು ದೇಶ, 40ರಿಂದ 59 ವಯಸ್ಸಿನ ಸುಮಾರು 12,700 ಗಂಡಸರು. ಗ್ರೀಸಿನ ಕ್ರೀಟ್ ದ್ವೀಪದಲ್ಲಿ ಹೃದಯದ ಕಾಯಿಲೆಯಿಂದ ಸಾಯುವವರು ತುಂಬಾ ಕಡಿಮೆ ಇದ್ದರು. ಫಿನ್ಲೆಂಡಿನ ಪೂರ್ವ ಭಾಗದಲ್ಲಿ ತುಂಬಾ ಜಾಸ್ತಿ. ಕ್ರೀಟಿನವರು ಕೊಬ್ಬನ್ನೇನೂ ಕಡಿಮೆ ತಿನ್ನುತ್ತಿರಲಿಲ್ಲ. ಆದರೆ ಅವರ ಕೊಬ್ಬು ಬಹುಪಾಲು ಆಲಿವ್ ಎಣ್ಣೆಯಿಂದ ಬರುತ್ತಿತ್ತು. ಫಿನ್ಲೆಂಡಿನವರದು ಬೆಣ್ಣೆ, ಹಾಲು, ಮಾಂಸದಿಂದ.

ಆ ಕಾಲದ ಕ್ರೀಟಿನ ಊಟ ಬಡವರ ಊಟ. ಹೊಲದ ಬದಿಯಲ್ಲಿ ಕಿತ್ತ ಕಾಡುಸೊಪ್ಪು, ಕಾಳು, ಬಾರ್ಲಿ ರೊಟ್ಟಿ, ಹಣ್ಣು, ಅಪರೂಪಕ್ಕೆ ಮಾಂಸ. ಚರ್ಚಿನ ಉಪವಾಸದ ದಿನಗಳೇ ವರ್ಷದಲ್ಲಿ ಅರ್ಧದಷ್ಟು ಇದ್ದವು. ಆ ದಿನಗಳಲ್ಲಿ ಮಾಂಸ, ಹಾಲು, ಬೆಣ್ಣೆ ಮುಟ್ಟುತ್ತಿರಲಿಲ್ಲ. ಹೋಟೆಲಿನ ಮೆನುವಿನಲ್ಲಿ 'ಮೆಡಿಟರೇನಿಯನ್' ಅಂತ ಹೆಸರಿಟ್ಟ ಚೀಸ್ ತುಂಬಿದ ಪಿಜ್ಜಾ, ಕ್ರೀಮ್ ಸುರಿದ ಪಾಸ್ತಾ ಇದಕ್ಕೆ ಸೇರಿದ್ದಲ್ಲ.

ಆ ಅಧ್ಯಯನದಲ್ಲಿ ಕಂಡದ್ದು ಊಟ, ಕಾಯಿಲೆ ಎರಡೂ ಜೊತೆಜೊತೆಗೆ ಇದ್ದವು ಅಂತ ಅಷ್ಟೇ, ಕಾರಣ ಬೇರೆಯೂ ಇರಬಹುದಲ್ವಾ? ನಾನೂ ಹಾಗೇ ಕೇಳಿದೆ. ಅದಕ್ಕೆ ತಂಗಿ ಮೂರು ಪ್ರಯೋಗಗಳನ್ನು ಹೇಳಿದಳು. ಮೂರರಲ್ಲೂ ಜನರನ್ನು ಗುಂಪು ಮಾಡಿ, ಬೇರೆ ಬೇರೆ ಊಟ ಹೇಳಿ, ವರ್ಷಗಟ್ಟಲೆ ಗಮನಿಸಿದ್ದಾರೆ.

ಮೊದಲನೆಯದು ಫ್ರಾನ್ಸಿನ ಲಿಯೋನ್ ನಗರದ್ದು. ಒಮ್ಮೆ ಹಾರ್ಟ್ ಅಟ್ಯಾಕ್ ಆಗಿ ಬದುಕಿದ್ದ 605 ಜನ. ಒಂದು ಗುಂಪಿಗೆ ಈ ಊಟ, ಬೆಣ್ಣೆಯ ಬದಲು ಕ್ಯಾನೋಲಾ (ಸಾಸಿವೆ ಜಾತಿಯ ಬೀಜ) ಎಣ್ಣೆಯ ಮಾರ್ಗರಿನ್. 1999ರ ಕೊನೆಯ ವರದಿಯಲ್ಲಿ, ಮತ್ತೆ ಅಟ್ಯಾಕ್ ಆಗುವುದು ಆ ಗುಂಪಿನಲ್ಲಿ ಅರ್ಧಕ್ಕಿಂತ ಕಡಿಮೆಯಾಗಿತ್ತು. ಎರಡನೆಯದು ಸ್ಪೇನಿನ ಪ್ರೆಡಿಮೆಡ್. 7,447 ಜನ, ಯಾರಿಗೂ ಇನ್ನೂ ಹೃದಯದ ಕಾಯಿಲೆ ಬಂದಿರಲಿಲ್ಲ, ಆದರೆ ಬರುವ ಅಪಾಯ ಜಾಸ್ತಿ ಇತ್ತು. ಒಂದು ಗುಂಪಿಗೆ ಮನೆಗೆ ವಾರಕ್ಕೆ ಒಂದು ಲೀಟರ್ ಎಕ್ಸ್‌ಟ್ರಾ ವರ್ಜಿನ್ ಎಣ್ಣೆ. ಇನ್ನೊಂದಕ್ಕೆ ದಿನಕ್ಕೆ 30 ಗ್ರಾಂ ಅಕ್ರೋಟು, ಬಾದಾಮಿ, ಹೇಜಲ್‌ನಟ್. ಮೂರನೆಯದಕ್ಕೆ ಕೊಬ್ಬು ಕಡಿಮೆ ಮಾಡಿ ಅನ್ನುವ ಸಲಹೆ ಮಾತ್ರ. ಸುಮಾರು ಐದು ವರ್ಷದಲ್ಲಿ ಮೊದಲೆರಡು ಗುಂಪುಗಳಲ್ಲಿ ಅಟ್ಯಾಕ್, ಸ್ಟ್ರೋಕ್, ಹೃದಯದ ಸಾವು ಸೇರಿಸಿ ಸುಮಾರು 30% ಕಡಿಮೆ. ಸ್ಟ್ರೋಕ್ ವಿಷಯದಲ್ಲಿ ಲಾಭ ಎದ್ದು ಕಂಡಿತು.

ಈ ಪ್ರೆಡಿಮೆಡ್ ಬಗ್ಗೆ ಒಂದು ಮಾತು ಮುಚ್ಚಿಡಬಾರದು. 2013ರಲ್ಲಿ ಬಂದ ವರದಿಯನ್ನು 2018ರಲ್ಲಿ ಅವರೇ ವಾಪಸ್ ತೆಗೆದುಕೊಂಡರು. ಕೆಲವು ಕಡೆ ಜನರನ್ನು ಗುಂಪಿಗೆ ಹಂಚುವಾಗ ತಪ್ಪಾಗಿತ್ತು. ಒಂದೇ ಮನೆಯವರನ್ನು ಒಂದೇ ಗುಂಪಿಗೆ ಹಾಕಿದ್ದೂ ಇತ್ತು. ಲೆಕ್ಕವನ್ನು ಮತ್ತೆ ಮಾಡಿ ಪ್ರಕಟಿಸಿದಾಗ ಉತ್ತರ ಹೆಚ್ಚುಕಮ್ಮಿ ಅದೇ ಬಂತು. ಇನ್ನೊಂದು, 30% ಅಂದ ಕೂಡಲೇ ಹಿಗ್ಗಬೇಡಿ. ಸಲಹೆ ಮಾತ್ರ ಪಡೆದ ಗುಂಪಿನಲ್ಲಿ 100ಕ್ಕೆ 4.4 ಜನರಿಗೆ ತೊಂದರೆಯಾಯಿತು. ಎಣ್ಣೆಯ ಗುಂಪಿನಲ್ಲಿ 3.8, ಬೀಜಗಳ ಗುಂಪಿನಲ್ಲಿ 3.4. ಒಬ್ಬೊಬ್ಬರ ಲೆಕ್ಕದಲ್ಲಿ ಸಣ್ಣ ವ್ಯತ್ಯಾಸ. ಆದರೆ ಈಗಾಗಲೇ ಅಟ್ಯಾಕ್ ಆದವರಿಗೆ ಅಪಾಯವೇ ದೊಡ್ಡದು, ಅದಕ್ಕೆ ಲಾಭವೂ ದೊಡ್ಡದು. ಮೂರನೇ ಪ್ರಯೋಗ ಅದನ್ನೇ ಹೇಳುತ್ತದೆ. ಸ್ಪೇನಿನ ಕಾರ್ಡೋಬಾದಲ್ಲಿ 1,002 ಹೃದ್ರೋಗಿಗಳನ್ನು ಏಳು ವರ್ಷ ಗಮನಿಸಿದರು. 2022ರಲ್ಲಿ ಫಲಿತಾಂಶ ಬಂತು. ಕಡಿಮೆ ಕೊಬ್ಬಿನ ಊಟದವರಲ್ಲಿ 111 ಜನರಿಗೆ ಮತ್ತೆ ತೊಂದರೆಯಾಯಿತು, ಈ ಊಟದವರಲ್ಲಿ 87 ಜನರಿಗೆ. ನಮ್ಮವರ ಸ್ಥಿತಿಗೆ ಹತ್ತಿರವಾದದ್ದು ಇದೇ. ಅದಕ್ಕೇ ನಾನು ಎರಡನೇ ಸಲ ಮನಸ್ಸಿಟ್ಟು ಶುರು ಮಾಡಿದೆ.

ಈಗ ಅಡುಗೆಮನೆಗೆ ಬನ್ನಿ.

ಮೊದಲ ವಾರ ಏನೂ ಹೊಸದು ಅಡುಗೆ ಮಾಡಬೇಡಿ. ಒಂದು ಹಾಳೆ ತಗೊಂಡು ನಡುವೆ ಮೇಲಿಂದ ಕೆಳಗೆ ಒಂದು ಗೆರೆ ಎಳೆಯಿರಿ. ಎಡಗಡೆ 'ಹೋಗುವುದು', ಬಲಗಡೆ 'ಬರುವುದು'. ಬಲಗಡೆ ಏನೇ ಬರೆದರೂ ಎಡಗಡೆ ಅದರ ಎದುರಿಗೆ ಒಂದು ಇರಲೇಬೇಕು. ನಮ್ಮ ಫ್ರಿಜ್ ಬಾಗಿಲಿನ ಮೇಲೆ ಆ ಹಾಳೆ ಇನ್ನೂ ಇದೆ. ಬೆಣ್ಣೆ ಹೋಯಿತು, ಆಲಿವ್ ಎಣ್ಣೆ ಬಂತು. ಬಿಸ್ಕತ್ತು ಹೋಯಿತು, 30 ಗ್ರಾಂ ಬೀಜ ಬಂತು. ವಾರದ ಎರಡು ಮಟನ್ ಊಟದಲ್ಲಿ ಒಂದು ಹೋಯಿತು, ಕಾಳಿನ ಸೂಪ್ ಬಂತು. ಇನ್ನೊಂದು ಹೋಯಿತು, ಮೀನು ಬಂತು. ಬಿಳಿ ಬ್ರೆಡ್ ಹೋಯಿತು, ಇಡೀ ಗೋಧಿಯದು ಬಂತು. ಊಟದ ನಂತರದ ಸಿಹಿ ಹೋಯಿತು, ಹಣ್ಣು ಬಂತು. ಒಂದೇ ದಿನ ಎಲ್ಲ ಮಾಡಲಿಲ್ಲ. ವಾರಕ್ಕೊಂದು ಸಾಲು. ಆರು ವಾರ ಹಿಡಿಯಿತು.

ಹೀಗೆ ಬದಲಿಸಿದರೆ ಒಳಗೆ ಏನಾಗುತ್ತದೆ ಅಂತ ತಿಳಿದರೆ ಮನಸ್ಸು ಗಟ್ಟಿಯಾಗುತ್ತದೆ. ಬೆಣ್ಣೆ, ಮಾಂಸದ ಗಟ್ಟಿ ಕೊಬ್ಬು ಜಾಸ್ತಿಯಾದರೆ, ರಕ್ತದಿಂದ ಕೆಟ್ಟ ಕೊಲೆಸ್ಟ್ರಾಲ್ ಎಲ್‌ಡಿಎಲ್ ಅನ್ನು ಎಳೆದುಕೊಳ್ಳುವ ಕೆಲಸವನ್ನು ಲಿವರ್ ಕಡಿಮೆ ಮಾಡುತ್ತದೆ. ಆ ಜಾಗಕ್ಕೆ ಆಲಿವ್ ಎಣ್ಣೆಯಂಥದ್ದು ಬಂದರೆ ಲಿವರ್ ಮತ್ತೆ ಚುರುಕಾಗುತ್ತದೆ. ಕಾಳು, ಓಟ್ಸ್, ಹಣ್ಣುಗಳ ಅಂಟಂಟಾದ ನಾರು ಕರುಳಿನಲ್ಲಿ ಪಿತ್ತವನ್ನು ಹಿಡಿದು ಹೊರಗೆ ಕಳಿಸುತ್ತದೆ. ಹೊಸ ಪಿತ್ತ ಮಾಡಲು ಲಿವರ್ ರಕ್ತದ ಕೊಲೆಸ್ಟ್ರಾಲನ್ನೇ ಬಳಸಬೇಕಾಗುತ್ತದೆ. ಅದೇ ನಾರು ಸಕ್ಕರೆ ರಕ್ತಕ್ಕೆ ಸೇರುವುದನ್ನೂ ನಿಧಾನ ಮಾಡುತ್ತದೆ. ಬೆಣ್ಣೆ ಹಾಗೇ ಇದ್ದು ಅದರ ಮೇಲೆ ಎಣ್ಣೆ ಬಿದ್ದರೆ? ಒಂದು ಟೇಬಲ್ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ದಿನಕ್ಕೆ ಮೂರು ಚಮಚ ಸುಮ್ನೆ ಮೇಲಿಂದ ಸೇರಿದರೆ 360. ನಮ್ಮವರ ಎರಡೂವರೆ ಕೆಜಿ ಬಂದದ್ದು ಅಲ್ಲಿಂದಲೇ.

ಎಣ್ಣೆಯನ್ನು ಆರಿಸುವುದು ಹೇಗೆ? ಬಾಟಲಿಯ ಮೇಲೆ ಎಕ್ಸ್‌ಟ್ರಾ ವರ್ಜಿನ್ ಅಂತಲೇ ಇರಬೇಕು. ಅಂದರೆ ಹಣ್ಣನ್ನು ಅರೆದು, ಬಿಸಿ ಅಥವಾ ರಾಸಾಯನಿಕ ಬಳಸದೆ ತೆಗೆದದ್ದು, ಆಮ್ಲದ ಅಂಶ 0.8% ಮೀರಿರಬಾರದು. 'ಲೈಟ್' ಅಂತ ಬರೆದಿದ್ದರೆ ಕ್ಯಾಲೊರಿ ಕಡಿಮೆ ಅಂದುಕೊಳ್ಳಬೇಡಿ. ಅದು ಬಣ್ಣ, ರುಚಿ ತೆಗೆದ ಎಣ್ಣೆ. 'ಪೊಮೇಸ್' ಅಂದರೆ ಎಣ್ಣೆ ತೆಗೆದು ಉಳಿದ ಹಿಂಡಿಯಿಂದ ಮತ್ತೆ ತೆಗೆದದ್ದು. ಬಾಟಲಿ ಗಾಢ ಬಣ್ಣದ್ದಿರಲಿ, ಕೊಯ್ಲಿನ ದಿನಾಂಕ ಇದ್ದರೆ ಇನ್ನೂ ಒಳ್ಳೆಯದು. ದೊಡ್ಡ ಡಬ್ಬ ಬೇಡ. ತೆರೆದ ಮೇಲೆ ಒಂದೆರಡು ತಿಂಗಳಲ್ಲಿ ಮುಗಿಸಿ, ಒಲೆಯ ಪಕ್ಕ ಇಡಬೇಡಿ.

ಆಮೇಲೆ ರುಚಿ ನೋಡಿ. ಒಂದು ಚಮಚ ಎಣ್ಣೆಯನ್ನು ಸಣ್ಣ ಲೋಟಕ್ಕೆ ಹಾಕಿ. ಅಂಗೈಯಿಂದ ಮುಚ್ಚಿ ಒಂದು ನಿಮಿಷ ಬೆಚ್ಚಗೆ ಮಾಡಿ. ಮೂಗಿನ ಹತ್ತಿರ ತನ್ನಿ. ಹೊಸದಾಗಿ ಕತ್ತರಿಸಿದ ಹುಲ್ಲಿನ ವಾಸನೆ, ಕಾಯಿ ಟೊಮೆಟೊ ವಾಸನೆ ಬರಬೇಕು. ಹಳೇ ಕ್ರೆಯಾನಿನ ವಾಸನೆ ಬಂದರೆ ಕೆಟ್ಟಿದೆ. ಕುಡಿದಾಗ ನಾಲಿಗೆಗೆ ಸ್ವಲ್ಪ ಕಹಿ, ನುಂಗಿದ ಮೇಲೆ ಗಂಟಲಿನ ಹಿಂದೆ ಖಾರದ ಹಾಗೆ ಚುರುಕು. ನನಗೆ ಮೊದಲ ಸಲ ಕೆಮ್ಮೇ ಬಂತು. ಎಣ್ಣೆ ಕೆಟ್ಟಿದೆ ಅಂತ ಚೆಲ್ಲುವುದರಲ್ಲಿದ್ದೆ. ಆ ಚುರುಕು ಓಲಿಯೊಕ್ಯಾಂಥಾಲ್ ಅನ್ನುವ ಅಂಶದ್ದು. ಅದು ಉರಿಯೂತ ತಗ್ಗಿಸುವ ರೀತಿ ಐಬುಪ್ರೊಫೆನ್ ಮಾತ್ರೆಯನ್ನು ಹೋಲುತ್ತದೆ ಅಂತ 2005ರಲ್ಲಿ ವಿಜ್ಞಾನಿಗಳು ತೋರಿಸಿದರು. ಹಾಗಂತ ಎಣ್ಣೆಯನ್ನು ನೋವಿನ ಮಾತ್ರೆ ಮಾಡಿಕೊಳ್ಳಬೇಡಿ, ಪ್ರಮಾಣ ತುಂಬಾ ಸಣ್ಣದು. ಎಣ್ಣೆ ತಾಜಾ ಇದೆ ಅನ್ನುವುದಕ್ಕೆ ಅದು ಒಳ್ಳೆಯ ಗುರುತು.

ಇದರಲ್ಲಿ ಅಡುಗೆ ಮಾಡಬಾರದು ಅಂತ ಕೆಲವರು ಹೇಳುತ್ತಾರೆ. ತಪ್ಪು. ಆ ಸೀಮೆಯವರು ದಿನಾ ಇದರಲ್ಲೇ ಬೇಯಿಸುತ್ತಾರೆ. ಮಧ್ಯಮ ಉರಿಯಲ್ಲಿ ಏನೂ ಆಗುವುದಿಲ್ಲ, ಹೊಗೆ ಬರುವಷ್ಟು ಕಾಯಿಸಬೇಡಿ ಅಷ್ಟೇ. ಆಲಿವ್ ಎಣ್ಣೆ ಕೈಗೆಟುಕದಿದ್ದರೂ ಕೈಚೆಲ್ಲಬೇಡಿ. ಲಿಯೋನ್ ಪ್ರಯೋಗದಲ್ಲಿ ಮುಖ್ಯವಾಗಿ ಬಳಸಿದ್ದು ಕ್ಯಾನೋಲಾ. ಬೆಣ್ಣೆಯ ಜಾಗಕ್ಕೆ ಅಂಥ ಎಣ್ಣೆ ಬಂದರೂ ಎಲ್‌ಡಿಎಲ್ ಇಳಿಯುತ್ತದೆ.

ಇನ್ನು ತರಕಾರಿ. ಇದರಲ್ಲಿ ಕಲಿಯಬೇಕಾದ ಕೆಲಸ ಒಂದೇ, ಸೊಫ್ರಿಟೊ. ಸ್ಪೇನಿನ ಅಡುಗೆಯ ತಳಪಾಯ ಅದು. ಎರಡು ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ ಮೂರು ಚಮಚ ಆಲಿವ್ ಎಣ್ಣೆಯಲ್ಲಿ ಸಣ್ಣ ಉರಿಗೆ ಇಡಿ. ಕೆಂಪಾಗಬಾರದು, ಗಾಜಿನ ಹಾಗೆ ಪಾರದರ್ಶಕ ಆಗಿ ಆಮೇಲೆ ಜೇನಿನ ಬಣ್ಣಕ್ಕೆ ತಿರುಗಬೇಕು. ಇಪ್ಪತ್ತು ನಿಮಿಷ ಬೇಕು. ಬೆಳ್ಳುಳ್ಳಿ ಹಾಕಿ. ಒಂದು ನಿಮಿಷ ಬಿಟ್ಟು ನಾಲ್ಕು ಹಣ್ಣಾದ ಟೊಮೆಟೊ ತುರಿದು ಹಾಕಿ. ಮೊದಲು ನೀರು ನೀರಾಗಿ ಕೊತಕೊತ ಅನ್ನುತ್ತದೆ. ಸದ್ದು ತಗ್ಗಿ, ಅಂಚಿನಲ್ಲಿ ಕೇಸರಿ ಬಣ್ಣದ ಎಣ್ಣೆ ಬಿಟ್ಟಾಗ ಆಯಿತು. ಟೊಮೆಟೊದ ಕೆಂಪು ಅಂಶ ಲೈಕೋಪೀನ್ ಹೀಗೆ ಎಣ್ಣೆಯಲ್ಲಿ ಬೆಂದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ನಾನು ಒಮ್ಮೆಗೇ ಜಾಸ್ತಿ ಮಾಡಿ ಫ್ರಿಜ್‌ನಲ್ಲಿ ಇಡುತ್ತೇನೆ, ನಾಲ್ಕು ದಿನ ಬರುತ್ತದೆ. ಬದನೆ, ಬೀನ್ಸ್, ಕುಂಬಳ, ಸೊಪ್ಪು ಏನನ್ನೇ ಇದಕ್ಕೆ ಹಾಕಿ ಬೇಯಿಸಿದರೂ ಊಟವಾಗುತ್ತದೆ. ತರಕಾರಿ ಮುಟ್ಟದ ನನ್ನ ಮಗಳು ಬದನೆಕಾಯಿ ತಿಂದದ್ದು ಇದರಿಂದಲೇ.

ಕಾಳು ವಾರಕ್ಕೆ ಮೂರು ಸಲವಾದರೂ ಇರಲಿ, ಒಂದು ಸಲಕ್ಕೆ ಬೆಂದದ್ದು 150 ಗ್ರಾಂನಷ್ಟು. ಗ್ರೀಸಿನ ಮನೆಮನೆಯ ಸೂಪ್ ಫಸೊಲಾಡಾ ಮಾಡಿ ನೋಡಿ. ಬಿಳಿ ಬೀನ್ಸ್ ಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಆ ನೀರು ಚೆಲ್ಲಿ. ಈರುಳ್ಳಿ, ಕ್ಯಾರೆಟ್, ಸೆಲೆರಿ, ಟೊಮೆಟೊ ಜೊತೆ ಮೆತ್ತಗೆ ಬೇಯಿಸಿ. ಒಂದು ಸೌಟು ಕಾಳನ್ನು ಹಿಸುಕಿ ವಾಪಸ್ ಹಾಕಿದರೆ ಸೂಪ್ ಮಂದವಾಗುತ್ತದೆ. ಇಳಿಸಿದ ಮೇಲೆ ಹಸಿ ಆಲಿವ್ ಎಣ್ಣೆ. ಮೊದಲ ಎರಡು ವಾರ ಹೊಟ್ಟೆ ಉಬ್ಬರ ಆಗುತ್ತದೆ, ಹೆದರಬೇಡಿ. ಅರ್ಧ ಬಟ್ಟಲಿನಿಂದ ಶುರು ಮಾಡಿ, ನೀರು ಚೆನ್ನಾಗಿ ಕುಡಿಯಿರಿ. ಕರುಳು ಒಗ್ಗಿಕೊಳ್ಳುತ್ತದೆ.

ಮೀನು ವಾರಕ್ಕೆ ಎರಡು ಮೂರು ಸಲ. ಬೂತಾಯಿ, ಬಂಗುಡೆಯಂಥ ಸಣ್ಣ, ಕೊಬ್ಬಿರುವ ಮೀನೇ ಒಳ್ಳೆಯದು, ಕರಿಯಬೇಡಿ. ಬಸುರಿಯರು ಕತ್ತಿಮೀನಿನಂಥ ದೊಡ್ಡ ಮೀನು ಬಿಡಬೇಕು, ಅದರಲ್ಲಿ ಪಾದರಸ ಜಾಸ್ತಿ. ಮೀನು ತಿನ್ನದವರು ಅಕ್ರೋಟು, ಅಗಸೆಬೀಜ ತಿನ್ನಲಿ. ಮೀನಿನಲ್ಲಿರುವ ಒಮೆಗಾ-3 ಅನ್ನುವ ಒಳ್ಳೆಯ ಕೊಬ್ಬು ಅದರಿಂದ ಸ್ವಲ್ಪ ಮಾತ್ರ ತಯಾರಾಗುತ್ತದೆ, ಆದರೂ ಲಾಭ ಇದೆ. ಮೊಸರು, ಚೀಸ್ ಮಿತವಾಗಿ. ಬೀಜಗಳು ಉಪ್ಪಿಲ್ಲದವು, ಹುರಿಯದವು.

ಉಪ್ಪಿನ ಮೇಲೆ ಕಣ್ಣಿಡಿ. ಉಪ್ಪಿನಲ್ಲಿಟ್ಟ ಆಲಿವ್ ಕಾಯಿ, ಫೆಟಾ ಚೀಸ್ ಎರಡರಲ್ಲೂ ಉಪ್ಪು ಜಾಸ್ತಿ. ನಮ್ಮವರ ಬಿಪಿ ಒಂದು ತಿಂಗಳು ಇಳಿಯದೇ ಇದ್ದದ್ದು ನಾನು ಸಲಾಡಿಗೆ ಧಾರಾಳವಾಗಿ ಹಾಕುತ್ತಿದ್ದ ಆ ಕಾಯಿಗಳಿಂದ ಅಂತ ನನ್ನ ಅನುಮಾನ. ಈಗ ನೀರಿನಲ್ಲಿ ತೊಳೆದು ನಾಲ್ಕೇ ಹಾಕುತ್ತೇನೆ.

ವೈನ್ ವಿಷಯ. ಪ್ರೆಡಿಮೆಡ್‌ನವರು ಜನ ಹೇಗೆ ತಿನ್ನುತ್ತಿದ್ದಾರೆ ಅಂತ ಅಳೆಯಲು 14 ಪ್ರಶ್ನೆಗಳ ಪಟ್ಟಿ ಮಾಡಿದ್ದರು. ಅದರಲ್ಲಿ ವಾರಕ್ಕೆ ಏಳು ಗ್ಲಾಸ್ ವೈನ್‌ಗೂ ಒಂದು ಅಂಕ ಇತ್ತು. ಇದನ್ನು ಹಿಡಿದುಕೊಂಡು ಯಾರೂ ಕುಡಿಯಲು ಶುರು ಮಾಡಬೇಡಿ, ದಯವಿಟ್ಟು. ಮದ್ಯದಲ್ಲಿ ಸುರಕ್ಷಿತ ಪ್ರಮಾಣ ಅಂತ ಯಾವುದೂ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ನಮ್ಮನೆಯಲ್ಲಿ ಆ ಒಂದು ಅಂಕ ಬಿಟ್ಟು 13ಕ್ಕೆ ಲೆಕ್ಕ ಹಾಕುತ್ತೇವೆ. ಮೊದಲ ತಿಂಗಳು ನಮಗೆ ಬಂದದ್ದು 4. ಈಗ 10ರಿಂದ 11.

ಹೃದಯ ಬಿಟ್ಟು ಬೇರೆ ಲಾಭ? ಡಯಾಬಿಟಿಸ್ ಬರುವುದು ಕಡಿಮೆಯಾಗುತ್ತದೆ, ಇದಕ್ಕೆ ಆಧಾರ ಚೆನ್ನಾಗಿದೆ. ಖಿನ್ನತೆಗೆ ಆಸ್ಟ್ರೇಲಿಯಾದಲ್ಲಿ 67 ಜನರ ಮೇಲೆ 12 ವಾರ ಮಾಡಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಊಟ ಬದಲಿಸಿದವರಲ್ಲಿ ಮೂರರಲ್ಲಿ ಒಬ್ಬರಷ್ಟು ಖಿನ್ನತೆಯಿಂದ ಹೊರಗೆ ಬಂದರು. ಊಟದ ಸಲಹೆ ಇಲ್ಲದೆ ಬರೀ ಮಾತುಕತೆಗೆ ಒಬ್ಬರು ಜೊತೆ ಸಿಕ್ಕವರಲ್ಲಿ 8%. ಸಣ್ಣ ಪ್ರಯೋಗ, ಆದರೂ ಭರವಸೆ ಕೊಡುವಂಥದ್ದು. ಮರೆವಿನ ಕಾಯಿಲೆ ತಡೆಯುತ್ತದೆ ಅನ್ನುವ ಮಾತನ್ನು ಮಾತ್ರ ಜೋರಾಗಿ ಹೇಳಬೇಡಿ. ಇದೇ ಜಾತಿಯ ಮೈಂಡ್ ಅನ್ನುವ ಆಹಾರಕ್ರಮವನ್ನು 604 ಹಿರಿಯರ ಮೇಲೆ ಮೂರು ವರ್ಷ ಪರೀಕ್ಷಿಸಿದರು. 2023ರಲ್ಲಿ ಬಂದ ಉತ್ತರದಲ್ಲಿ ಎರಡೂ ಗುಂಪಿನ ನೆನಪಿನ ಶಕ್ತಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ.

ಕೆಲವರು ಶುರು ಮಾಡುವ ಮೊದಲೇ ಡಾಕ್ಟರನ್ನು ಕೇಳಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತಗೊಳ್ಳುವವರು ಸೊಪ್ಪನ್ನು ಏಕಾಏಕಿ ಜಾಸ್ತಿ ಮಾಡಬಾರದು. ಅದರ ವಿಟಮಿನ್ ಕೆ ಆ ಮಾತ್ರೆಯ ಕೆಲಸವನ್ನು ತಗ್ಗಿಸುತ್ತದೆ. ಸೊಪ್ಪು ಬಿಡಬೇಕಿಲ್ಲ, ಪ್ರತಿ ವಾರ ಒಂದೇ ಅಳತೆ ಇರಬೇಕು. ಸ್ಟೆಂಟ್ ಹಾಕಿದವರಿಗೆ ಕೊಡುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ಗೆ ಈ ತೊಂದರೆ ಇಲ್ಲ. ಕಿಡ್ನಿ ಸೋತವರಿಗೆ ಹಣ್ಣು, ಕಾಳು, ಬೀಜಗಳ ಪೊಟ್ಯಾಸಿಯಂ ಭಾರವಾಗಬಹುದು. ಇನ್ಸುಲಿನ್ ತಗೊಳ್ಳುವವರಿಗೆ ಬ್ರೆಡ್, ಸಿಹಿ ಕಡಿಮೆಯಾದ ಕೂಡಲೇ ಶುಗರ್ ತೀರಾ ಇಳಿಯಬಹುದು, ಡೋಸ್ ಬದಲಿಸಬೇಕಾಗುತ್ತದೆ. ಇನ್ನೊಂದು ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು: ಮೆಡಿಟರೇನಿಯನ್ ಅಡುಗೆಯಲ್ಲಿ ಫಾವಾ ಬೀನ್ಸ್ ಅನ್ನುವ ಅಗಲ ಕಾಳು ತುಂಬಾ ಬಳಸುತ್ತಾರೆ. ಹುಟ್ಟಿನಿಂದಲೇ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವವರು ಅದನ್ನು ತಿಂದರೆ ರಕ್ತಕಣಗಳು ಒಡೆದು ಜೀವಕ್ಕೇ ಅಪಾಯ. ಅವರು ಬೇರೆ ಕಾಳು ತಿನ್ನಲಿ, ಆ ಒಂದನ್ನು ಮುಟ್ಟಬಾರದು.

ಮಾತ್ರೆ ನಿಲ್ಲಿಸುವ ಯೋಚನೆ ಮಾಡಬೇಡಿ. ಲಿಯೋನ್‌ನಲ್ಲೂ ಕಾರ್ಡೋಬಾದಲ್ಲೂ ರೋಗಿಗಳಿಗೆ ಊಟದ ಜೊತೆ ಔಷಧವೂ ಇತ್ತು. ನಮ್ಮವರ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ಸ್ಟ್ಯಾಟಿನ್ ಇವತ್ತಿಗೂ ರಾತ್ರಿ ಊಟದ ತಟ್ಟೆಯ ಪಕ್ಕದಲ್ಲೇ ಇರುತ್ತದೆ.

ಶುರು ಮಾಡುವ ವಾರ ಒಂದು ರಕ್ತಪರೀಕ್ಷೆ ಮಾಡಿಸಿ, ಮೂರು ತಿಂಗಳಿಗೆ ಇನ್ನೊಂದು. ಕೊಲೆಸ್ಟ್ರಾಲ್ ಪೂರ್ತಿ ಪಟ್ಟಿ, ಮೂರು ತಿಂಗಳ ಸರಾಸರಿ ಶುಗರ್, ಜೊತೆಗೆ ಬಿಪಿ, ತೂಕ, ಸೊಂಟದ ಸುತ್ತಳತೆ. ಅದಕ್ಕಿಂತ ಮೊದಲೇ ಪದೇ ಪದೇ ಮಾಡಿಸಿದರೆ ಸುಮ್ನೆ ಗಾಬರಿ. ನಮ್ಮ ಎರಡನೇ ಸುತ್ತಿನ ಮೂರನೇ ತಿಂಗಳ ರಿಪೋರ್ಟಿನಲ್ಲಿ ಟ್ರೈಗ್ಲಿಸರೈಡ್ 212ರಿಂದ 158ಕ್ಕೆ ಬಂದಿತ್ತು. ತೂಕ ಮೂರು ಕೆಜಿ ಇಳಿದಿತ್ತು. ತಂಗಿಗೆ ಫೋನ್ ಮಾಡಿದೆ. ನಂಬರ್ ಕೇಳುವ ಮೊದಲು ಅವಳು ಫ್ರಿಜ್ ಮೇಲಿನ ಹಾಳೆಯ ಎಡಗಡೆ ಸಾಲನ್ನು ಓದಿಸಿದಳು.